ಕುಂದಾಪುರದಲ್ಲಿ ಕಡಲಗಾಳಿ ಅಳೆಯೋದು ಹೇಗೆ? ಪುಸ್ತಕದ ಚಿತ್ರಕ್ಕೂ ನಮ್ಮ ಕರಾವಳಿಯ ಗಾಳಿಗೂ ಯಾಕೆ ತಾಳೆ ಆಗಲ್ಲ?

ಪ್ರಶ್ನೆ: ನಾನು ಕುಂದಾಪುರದ ಹತ್ರ ಪಿಯು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ. ಹಗಲು ಕಡಲಿಂದ ನೆಲಕ್ಕೆ ಗಾಳಿ, ರಾತ್ರಿ ನೆಲದಿಂದ ಕಡಲಿಗೆ ಗಾಳಿ ಅಂತ ಪುಸ್ತಕದಲ್ಲಿದೆ, ನಾವೂ ಹಾಗೇ ಹೇಳ್ಕೊಡ್ತೀವಿ. ಆದ್ರೆ ಫೆಬ್ರವರಿಯಲ್ಲಿ ಎಷ್ಟೋ ದಿನ ಹನ್ನೊಂದೂವರೆ ತನಕ ಮೂಡಗಾಳಿನೇ ಬೀಸ್ತಿರುತ್ತೆ, ಮೇ ತಿಂಗಳಲ್ಲಿ ರಾತ್ರಿನೂ ಪಡುಗಾಳಿ, ಜುಲೈಲಿ ಹಗಲು ರಾತ್ರಿ ವ್ಯತ್ಯಾಸನೇ ಕಾಣಲ್ಲ. ಮಕ್ಕಳು ಇದನ್ನ ನೋಡಿ ಪುಸ್ತಕ ತಪ್ಪಾ ಅಂತ ಕೇಳ್ತಿದಾರೆ. ಅವರ ಜೊತೆ ಸೇರಿ ಕಡಿಮೆ ಖರ್ಚಲ್ಲಿ ಅಳೆದು ನೋಡೋಣ ಅಂತಿದೀವಿ, ಒಂದು ಬ್ಯಾರೋಮೀಟರ್ ಸೆನ್ಸರ್ ಆಗಲೇ ಇದೆ, ಅದು ಸಾಕಾ? ಎಲ್ಲಿಂದ ಶುರು ಮಾಡೋದು?

ಉತ್ತರ: ನಿಮ್ಮ ಮಕ್ಕಳು ನೋಡಿರೋದು ಮೂರಕ್ಕೆ ಮೂರೂ ಸರಿ ಮೇಡಂ. ಪುಸ್ತಕದ ಚಿತ್ರವೂ ತಪ್ಪಲ್ಲ, ಆದ್ರೆ ಆ ಚಿತ್ರ ಬರೆದವರು ಬೇರೆ ಯಾವ ಗಾಳಿನೂ ಇಲ್ಲ ಅಂತ ಅಂದ್ಕೊಂಡು ಬರೆದಿರ್ತಾರೆ, ಅಂಥ ದಿನ ನಮ್ಮ ಕರಾವಳಿಯಲ್ಲಿ ಸಿಗೋದು ಅಪರೂಪ. ಇಲ್ಲಿ ಯಾವಾಗ್ಲೂ ಒಂದು ಸೀಸನ್ ಗಾಳಿ ಇದ್ದೇ ಇರುತ್ತೆ, ಕಡಲಗಾಳಿ ಅದರ ಮೇಲೆ ಸೇರ್ಕೊಳ್ಳುತ್ತೆ. ಓಡ್ತಿರೋ ಬಸ್ಸಿನ ಒಳಗೆ ಒಬ್ಬ ಹಿಂದೆ ಮುಂದೆ ನಡೀತಿದಾನೆ ಅಂದ್ಕೊಳ್ಳಿ, ರಸ್ತೆ ಬದಿ ನಿಂತವರಿಗೆ ಅವನ ನಡಿಗೆ ಕಾಣಲ್ಲ, ಬಸ್ಸಿನ ಓಟ ಮಾತ್ರ ಕಾಣುತ್ತೆ. ಜುಲೈಲಿ ಆಗೋದು ಅದೇ. ಹಾಗಾಗಿ ನಿಮ್ಮ ಪ್ರಾಜೆಕ್ಟಿನ ನಿಜವಾದ ಕೆಲಸ ಗಾಳಿ ಅಳೆಯೋದಲ್ಲ, ಅಳೆದ ಗಾಳಿಯಲ್ಲಿ ದಿನದ ಪಾಲು ಎಷ್ಟು ಸೀಸನ್ನಿನ ಪಾಲು ಎಷ್ಟು ಅಂತ ಬೇರೆ ಮಾಡೋದು. ಇದನ್ನ ಮೊದಲ ದಿನವೇ ಮಕ್ಕಳಿಗೆ ಹೇಳಿ, ಇಲ್ಲಾಂದ್ರೆ ಒಂದು ತಿಂಗಳು ರೀಡಿಂಗ್ ತಗೊಂಡು ಕೊನೆಗೆ "ಸರಾಸರಿ ಗಾಳಿ ವಾಯವ್ಯದಿಂದ" ಅಂತ ಒಂದು ಸಾಲು ಬರೆದು ಮುಗಿಸ್ತಾರೆ.

ಮೊದಲು ಬ್ಯಾರೋಮೀಟರ್ ವಿಷ್ಯ, ಯಾಕಂದ್ರೆ ಇಲ್ಲೇ ತುಂಬಾ ಜನ ಜಾರೋದು.

ಕಡಲಗಾಳಿ ಹುಟ್ಟಿಸೋ ಒತ್ತಡದ ವ್ಯತ್ಯಾಸ ಎಷ್ಟು ಸಣ್ಣದು ಅಂತ ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರ್ಸಿ. ನಮ್ಮ ಕಡಲಿನ ಮೇಲ್ಮೈ ಜನವರಿಯಲ್ಲಿ 27-28 ಡಿಗ್ರಿ, ಏಪ್ರಿಲ್-ಮೇ ಹೊತ್ತಿಗೆ 30-31 ಡಿಗ್ರಿ, ಆದ್ರೆ ಒಂದು ದಿನದೊಳಗೆ ಅದು ಹೆಚ್ಚುಕಮ್ಮಿ ಅಲುಗಾಡೋದೇ ಇಲ್ಲ, ಯಾಕಂದ್ರೆ ಬಿದ್ದ ಬಿಸಿಲು ಮೀಟರ್‌ಗಟ್ಟಲೆ ಆಳಕ್ಕೆ ಹಂಚಿಹೋಗುತ್ತೆ, ನೀರಿನ ಸ್ಪೆಸಿಫಿಕ್ ಹೀಟ್ ಕೂಡ ಒಣ ಮಣ್ಣಿನ ನಾಲ್ಕೈದು ಪಟ್ಟು. ನೆಲದಲ್ಲಿ ಬಿಸಿಲು ಕೆಲವೇ ಸೆಂಟಿಮೀಟರ್ ಆಳಕ್ಕೆ ಹೋಗೋದು, ಅದಕ್ಕೇ ಬೆಳಿಗ್ಗೆ 22 ಇದ್ದ ಗಾಳಿ ಮಧ್ಯಾಹ್ನ 33 ಆಗಿರುತ್ತೆ. ಈಗ ನೆಲದ ಮೇಲಿನ 500 ಮೀಟರ್ ಗಾಳಿ ಕಡಲ ಮೇಲಿನದಕ್ಕಿಂತ 3 ಡಿಗ್ರಿ ಬಿಸಿ ಅಂತ ಇಟ್ಕೊಳ್ಳಿ. ಸಾಂದ್ರತೆ 1.15, ಗುರುತ್ವ 9.8, ಎತ್ತರ 500, ಇವನ್ನ ಗುಣಿಸಿ 3 ಭಾಗಿಸು 300ರಿಂದ (300 ಅಂದ್ರೆ ಕೆಲ್ವಿನ್ ಲೆಕ್ಕದಲ್ಲಿ ಗಾಳಿಯ ತಾಪಮಾನ) ಗುಣಿಸಿದ್ರೆ ಬರೋದು ಸುಮಾರು 56 ಪ್ಯಾಸ್ಕಲ್, ಅಂದ್ರೆ ಅರ್ಧ ಹೆಕ್ಟೋಪ್ಯಾಸ್ಕಲ್‌ಗಿಂತ ಚೂರು ಜಾಸ್ತಿ. ಅಷ್ಟೇ! ಅಷ್ಟು ಒತ್ತಡಕ್ಕೇ ಗಂಟೆಗೆ 15-25 ಕಿಲೋಮೀಟರ್ ವೇಗದಲ್ಲಿ ಗಾಳಿ ಎದ್ದು ಬರುತ್ತೆ.

ಈಗ ನಿಮ್ಮ ಬ್ಯಾರೋಮೀಟರ್ ಒಂದು ದಿನ ಇಟ್ಟು ನೋಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಏರಿರುತ್ತೆ, ಸಂಜೆ ನಾಲ್ಕರ ಸುಮಾರಿಗೆ ಇಳಿದಿರುತ್ತೆ, ರಾತ್ರಿ ಹತ್ತಕ್ಕೆ ಮತ್ತೆ ಏರಿ ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿಯುತ್ತೆ. ಒಟ್ಟು ಏರಿಳಿತ 3 ಹೆಕ್ಟೋಪ್ಯಾಸ್ಕಲ್ ಹತ್ರ. ನೆಲ ಕಾದು ಒತ್ತಡ ಇಳೀತು, ನಾಲ್ಕು ಗಂಟೆಗೆ ಕಡಲಗಾಳಿ ಜೋರಾಯ್ತು, ಥಿಯರಿ ಪ್ರೂವ್ ಆಯ್ತು ಅಂತ ಮಕ್ಕಳು ಖುಷಿಪಡ್ತಾರೆ. ಆದ್ರೆ ಅದು ಕಡಲಗಾಳಿಗೆ ಸಂಬಂಧಪಟ್ಟಿದ್ದೇ ಅಲ್ಲ! ಅದು ಇಡೀ ಭೂಮಿಯ ವಾತಾವರಣ ಬಿಸಿಲಿಗೆ ದಿನಕ್ಕೆ ಎರಡು ಸಲ ಉಬ್ಬಿ ಇಳಿಯೋದು, ಉಷ್ಣವಲಯದಲ್ಲಿ ಎಲ್ಲಾ ಕಡೆ ಇದೆ, ಕಡಲೇ ಇಲ್ಲದ ಕಲಬುರಗಿಯಲ್ಲೂ ಇದೇ ಟೈಮಿಗೆ ಕಾಣುತ್ತೆ. ನಮಗೆ ಬೇಕಾದ ಅರ್ಧ ಹೆಕ್ಟೋಪ್ಯಾಸ್ಕಲ್ ಅದರೊಳಗೆ ಮುಳುಗಿಹೋಗಿರುತ್ತೆ. ಅದಕ್ಕೇ ಒಂದು ಸೆನ್ಸರ್ ಸಾಲಲ್ಲ, ಎರಡು ಬೇಕು, ಒಂದು ತೀರದಲ್ಲಿ ಇನ್ನೊಂದು ಒಳನಾಡಲ್ಲಿ, ಒಂದೇ ಹೊತ್ತಿಗೆ ಎರಡನ್ನೂ ಓದಿ ಕಳೆದಾಗ ಆ ದೊಡ್ಡ ಏರಿಳಿತ ಎರಡರಲ್ಲೂ ಒಂದೇ ಇರೋದ್ರಿಂದ ಹೊರಟುಹೋಗುತ್ತೆ, ಉಳಿದಿದ್ದು ನಿಮ್ಮದು. ಇನ್ನೊಂದು, ಎತ್ತರದಲ್ಲಿ ಎಂಟೂವರೆ-ಒಂಬತ್ತು ಮೀಟರ್‌ಗೆ ಒಂದು ಹೆಕ್ಟೋಪ್ಯಾಸ್ಕಲ್ ಕಡಿಮೆ ಆಗುತ್ತೆ, ಅಂದ್ರೆ ಯಾರೋ ಸೆನ್ಸರ್‌ನ ಕೆಳಗಿಂದ ಮೂರನೇ ಮಹಡಿಗೆ ಒಯ್ದಿಟ್ಟರೆ ಡೇಟಾ ಹೋಯ್ತು. ಒತ್ತಡ, ತಾಪಮಾನ, ತೇವಾಂಶ ಮೂರನ್ನೂ ಅಳೆಯೋ ಬಿಎಂಇ 280 ಥರದ ಕೆಲವೇ ನೂರು ರೂಪಾಯಿಯ ಸೆನ್ಸರ್ ಈ ಕೆಲಸಕ್ಕೆ ಆಗುತ್ತೆ, ಆದ್ರೆ ಒಂದೊಂದೂ ಸ್ವಲ್ಪ ಬೇರೆ ಬೇರೆ ತೋರ್ಸುತ್ತೆ, ಹೊರಗೆ ಇಡೋ ಮುಂಚೆ ಎಲ್ಲವನ್ನೂ ಒಂದೇ ಟೇಬಲ್ ಮೇಲೆ ಒಂದೆರಡು ದಿನ ಇಟ್ಟು ಯಾವುದು ಎಷ್ಟು ಹೆಚ್ಚು ಕಡಿಮೆ ಅಂತ ಬರ್ಕೊಂಡಿರಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಕೇಳಿದ್ರೆ, ಒತ್ತಡದ ಹಿಂದೆ ಹೋಗೋಕಿಂತ ತೇವಾಂಶದ ಹಿಂದೆ ಹೋಗಿ. ಕಡಲಗಾಳಿ ಬಂತಾ ಇಲ್ವಾ, ಎಷ್ಟೊತ್ತಿಗೆ ಬಂತು ಅಂತ ಹೇಳೋಕೆ ಡ್ಯೂ ಪಾಯಿಂಟ್‌ನಷ್ಟು ನಂಬಿಕಸ್ಥ ಸಾಕ್ಷಿ ಬೇರೆ ಇಲ್ಲ, ಡ್ಯೂ ಪಾಯಿಂಟ್ ಅಂದ್ರೆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದ್ರೆ ಅದರ ತೇವ ಇಬ್ಬನಿಯಾಗೋಕೆ ಶುರುವಾಗುತ್ತೋ ಅದು. ಸೆನ್ಸರ್ ಕೊಡೋದು ರಿಲೇಟಿವ್ ಹ್ಯುಮಿಡಿಟಿ, ತೇವ ಅಷ್ಟೇ ಇದ್ರೂ ಗಾಳಿ ಕಾದ್ರೆ ಅದು ಇಳಿಯುತ್ತೆ, ಅದನ್ನ ಹಾಗೇ ಪ್ಲಾಟ್ ಮಾಡ್ಬೇಡಿ. ಫೆಬ್ರವರಿಯ ಒಂದು ದಿನ ಹೀಗಿರಬಹುದು ನೋಡಿ: ಬೆಳಿಗ್ಗೆ ಆರಕ್ಕೆ 22 ಡಿಗ್ರಿ, ಹ್ಯುಮಿಡಿಟಿ 70 ಪರ್ಸೆಂಟ್. ಹನ್ನೊಂದಕ್ಕೆ 31 ಡಿಗ್ರಿ, 40 ಪರ್ಸೆಂಟ್. ನೋಡಿದವರಿಗೆ ಗಾಳಿ ಬದಲಾಗಿಬಿಡ್ತು, ಪೂರ್ತಿ ಒಣಗಿತು ಅನ್ಸುತ್ತೆ, ಆದ್ರೆ ಡ್ಯೂ ಪಾಯಿಂಟ್ ಲೆಕ್ಕ ಹಾಕಿದ್ರೆ ಎರಡೂ ಹೊತ್ತಲ್ಲಿ ಸುಮಾರು 16, ಅಂದ್ರೆ ಅದೇ ಗಾಳಿ, ಕಾದಿದೆ ಅಷ್ಟೇ. ಆಮೇಲೆ ಹನ್ನೆರಡರ ಹೊತ್ತಿಗೆ 30.5 ಡಿಗ್ರಿ, 68 ಪರ್ಸೆಂಟ್. ಡ್ಯೂ ಪಾಯಿಂಟ್ 24! ಥರ್ಮಾಮೀಟರ್ ಅರ್ಧ ಡಿಗ್ರಿ ಮಾತ್ರ ಇಳಿದಿದೆ, ಯಾರೂ ಗಮನಿಸಲ್ಲ, ಆದ್ರೆ ಡ್ಯೂ ಪಾಯಿಂಟ್ 8 ಡಿಗ್ರಿ ಹಾರಿದೆ. ಆ ಹಾರಿದ ಹೊತ್ತೇ ಘಟ್ಟದ ಮೇಲಿಂದ ಬಂದ ಗಾಳಿ ಹೋಗಿ ಕಡಲ ಗಾಳಿ ನಿಮ್ಮ ಕಾಲೇಜಿಗೆ ಬಂದ ಹೊತ್ತು. ಐದು ನಿಮಿಷಕ್ಕೊಂದು ರೀಡಿಂಗ್ ಇದ್ರೆ ಈ ಜಿಗಿತ ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ. ಹ್ಯುಮಿಡಿಟಿ 50ರ ಮೇಲಿದ್ರೆ ನೂರರಿಂದ ಅದನ್ನ ಕಳೆದು ಐದರಿಂದ ಭಾಗಿಸಿ ಟೆಂಪರೇಚರ್‌ನಿಂದ ಕಳೆಯೋದು ಸಾಕು, ಅದಕ್ಕಿಂತ ಒಣಗಿದ್ರೆ ಡ್ಯೂ ಪಾಯಿಂಟನ್ನ ಇನ್ನೂ ನಿಖರವಾಗಿ ಕೊಡೋ ಮ್ಯಾಗ್ನಸ್ ಸೂತ್ರ ಎಕ್ಸೆಲ್‌ಗೆ ಹಾಕಿ.

ಅದಕ್ಕೇ ನಿಮ್ಮ ಪ್ರಾಜೆಕ್ಟಿಗೆ ನಾನು ಕೊಡೋ ಪ್ರಶ್ನೆ ಒಂದೇ, "ಇವತ್ತು ಕಡಲಗಾಳಿ ಎಷ್ಟೊತ್ತಿಗೆ ಬಂತು?" ವೇಗ, ದಿಕ್ಕು, ಒತ್ತಡ ಎಲ್ಲಾ ಆಮೇಲೆ. ಬರೋ ಹೊತ್ತು ಯಾಕೆ ಇಷ್ಟು ಮುಖ್ಯ ಅಂದ್ರೆ ಕರಾವಳಿಯ ಫೆಬ್ರವರಿ-ಮಾರ್ಚಿನ ಗರಿಷ್ಠ ತಾಪಮಾನ ಹೆಚ್ಚುಕಮ್ಮಿ ಅದರ ಮೇಲೇ ನಿಂತಿದೆ. ಈ ತಿಂಗಳುಗಳಲ್ಲಿ ಮೂಡಗಾಳಿ ಜೋರಿದ್ದ ದಿನ ಘಟ್ಟದ ಮೇಲಿನ 600-700 ಮೀಟರ್ ಎತ್ತರದ ಗಾಳಿ ಕೆಳಗಿಳಿದು ಬರುತ್ತೆ, ಇಳಿಯೋ ಗಾಳಿ ಒತ್ತಿಸಿಕೊಂಡು ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಲೆಕ್ಕದಲ್ಲಿ ಬಿಸಿಯಾಗುತ್ತೆ, ಹಾಗಾಗಿ ಬರೀ ಇಳಿದಿದ್ದಕ್ಕೇ 6-7 ಡಿಗ್ರಿ ಸೇರಿತು. ಅದೇ ಗಾಳಿ ಎದುರಿಗೆ ನಿಂತು ಕಡಲಗಾಳಿನ ದಡ ಹತ್ತೋಕೆ ಬಿಡಲ್ಲ. ಹನ್ನೊಂದಕ್ಕೆ ಬರಬೇಕಾದ್ದು ಒಂದೂವರೆಗೆ ಬಂದ್ರೆ ಅಷ್ಟರಲ್ಲಿ ಪಾದರಸ 37 ದಾಟಿರುತ್ತೆ. ಹವಾಮಾನ ಇಲಾಖೆ ಕರಾವಳಿಗೆ ಹೀಟ್ ವೇವ್ ಅನ್ನೋಕೆ ಇಟ್ಟಿರೋ ಅಳತೆಯೇ 37 ಡಿಗ್ರಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. 2025ರ ಫೆಬ್ರವರಿ ಕೊನೆಯಲ್ಲಿ ಕರಾವಳಿ ಕರ್ನಾಟಕಕ್ಕೆ ಹೀಟ್ ವೇವ್ ಎಚ್ಚರಿಕೆ ಬಂದಿತ್ತಲ್ಲ, ಚಳಿಗಾಲ ಮುಗಿಯೋಕೆ ಮುಂಚೆನೇ ಹೀಗಾ ಅಂತ ಎಲ್ಲರೂ ಗಾಬರಿಯಾಗಿದ್ರು. ಅಂಥ ದಿನಗಳಲ್ಲಿ ಮೂಡಗಾಳಿ ಎಷ್ಟು ಹೊತ್ತು ಹಿಡಿದು ನಿಲ್ತು ಅಂತ ಯಾರಾದ್ರೂ ಊರೂರಲ್ಲಿ ಬರೆದಿಟ್ಟರೆ ಅದಕ್ಕೆ ನಿಜವಾಗ್ಲೂ ಬೆಲೆ ಇದೆ. ಮದ್ರಾಸಿನವರಿಗೆ ಇದು ಚೆನ್ನಾಗಿ ಗೊತ್ತು, ಅಲ್ಲಿ ಜೂನ್‌ನಲ್ಲಿ ಪಶ್ಚಿಮದ ಗಾಳಿ ಎದುರು ನಿಂತು ಕಡಲಗಾಳಿ ತಡವಾದ ದಿನವೇ 40 ದಾಟೋದು. ನಮ್ಮಲ್ಲಿ ಅದೇ ಆಟ, ದಿಕ್ಕು ಉಲ್ಟಾ, ತಿಂಗಳು ಬೇರೆ.

ಒಂದು ಮಾತು ಸೇರಿಸ್ತೀನಿ, ಕಡಲಗಾಳಿ ಬಂದ್ರೆ ಸೆಕೆ ಹೋಯ್ತು ಅಂತ ಅಲ್ಲ. ತಾಪಮಾನ ಇಳಿದ್ರೂ ಬೆವರು ಆರೋದು ನಿಧಾನ ಆಗುತ್ತೆ. 33 ಡಿಗ್ರಿಗೆ 70 ಪರ್ಸೆಂಟ್ ಹ್ಯುಮಿಡಿಟಿ ಅಂದ್ರೆ ಡ್ಯೂ ಪಾಯಿಂಟ್ 27ರ ಹತ್ರ, ಆ ಗಾಳಿ ಮೈಗೆ ಬಡಿಯೋ ಬೀಚಲ್ಲಿ ಪರವಾಗಿಲ್ಲ, ಗೋಡೆ ಗೋಡೆ ನಡುವೆ ಸಿಕ್ಕಿಕೊಂಡ ಬೀದಿಯಲ್ಲಿ ಉಸಿರು ಕಟ್ಟುತ್ತೆ. ಗದ್ದೆಯಲ್ಲಿ, ರಸ್ತೆ ಕೆಲಸದಲ್ಲಿ ಇರೋರಿಗೆ ಇದು ಜೀವದ ಪ್ರಶ್ನೆ, ಮಕ್ಕಳ ಹತ್ರ ಈ ವಿಷ್ಯ ಮಾತಾಡಿ.

ಇನ್ನು ಸೆನ್ಸರ್ ಎಲ್ಲಿ ಇಡೋದು ಅನ್ನೋದು. ನಿಮಗೆ ಒಳ್ಳೆ ಲೈನ್ ಇದೆ, ಕೋಡಿ ಕಡಲ ತೀರದ ಹತ್ರ ಒಂದು, ವಂಡ್ಸೆ ಕಡೆ ಒಂದು, ಕೊಲ್ಲೂರಲ್ಲಿ ಒಂದು. ತೀರದಿಂದ ಘಟ್ಟದ ಬುಡದ ತನಕ ಆಯ್ತು. ಮಕ್ಕಳು ಈ ಊರುಗಳಿಂದ ಬರೋರೇ ಇರ್ತಾರೆ, ಅವರ ಮನೆ ಅಂಗಳದಲ್ಲೇ ಇಡಬಹುದು. ಕಡಲಗಾಳಿಯ ಮುಂಚೂಣಿ ನೆಲದ ಮೇಲೆ ಸಾಮಾನ್ಯವಾಗಿ ಗಂಟೆಗೆ 10-15 ಕಿಲೋಮೀಟರ್ ಲೆಕ್ಕದಲ್ಲಿ ಒಳಗೆ ನಡೆಯುತ್ತೆ, ಹಾಗಾಗಿ ಕೋಡಿಯಲ್ಲಿ ಡ್ಯೂ ಪಾಯಿಂಟ್ ಹಾರಿದ ಒಂದೆರಡು ಗಂಟೆ ಆದ್ಮೇಲೆ ವಂಡ್ಸೆಯಲ್ಲಿ ಹಾರಬೇಕು, ಮೂರೂ ಊರಿನ ಗ್ರಾಫ್ ಒಂದರ ಕೆಳಗೆ ಒಂದು ಇಟ್ಟು ನೋಡಿದಾಗ ಆ ಜಿಗಿತ ಓರೆಯಾಗಿ ಸರಿದುಹೋಗೋದು ಕಾಣುತ್ತೆ, ಅದನ್ನ ನೋಡಿದ ಮಗು ಕನ್ವೆಕ್ಷನ್ ಪಾಠ ಯಾವತ್ತೂ ಮರೆಯಲ್ಲ. ಮರವಂತೆಯಲ್ಲಿ ಮಾತ್ರ ಇಡಬೇಡಿ, ಎಷ್ಟೇ ಚಂದ ಇದ್ರೂ ಅಲ್ಲಿ ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ, ಎರಡೂ ಕಡೆ ನೀರಿದ್ರೆ ಮೂಡಗಾಳಿಗೂ ತೇವ ಸೇರಿ ಜಿಗಿತ ಮಂಕಾಗುತ್ತೆ. ಕುಂದಾಪುರ ಪೇಟೆಯೂ ಪಂಚಗಂಗಾವಳಿ ಹಿನ್ನೀರಿನ ಮಗ್ಗುಲಲ್ಲೇ ಇರೋದು, ನೆನಪಿರ್ಲಿ.

ಸೆನ್ಸರ್ ಬಿಸಿಲಿಗೆ ಬೀಳಬಾರದು, ಆದ್ರೆ ಗಾಳಿ ಆಡಬೇಕು. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನ ಬೋರಲು ಹಾಕಿ ನಡುವೆ ಸಂದು ಬಿಟ್ಟು ಒಂದರ ಮೇಲೊಂದು ಕಟ್ಟಿದ್ರೆ ಒಳ್ಳೆ ಗೂಡಾಗುತ್ತೆ, ನೆಲದಿಂದ ಒಂದೂಕಾಲು ಮೀಟರ್ ಮೇಲೆ, ಮಣ್ಣು ಅಥವಾ ಹುಲ್ಲಿನ ಮೇಲೆ. ಟಾರಸಿ ಮೇಲೆ ಬೇಡ, ಶೀಟ್ ಮಾಡಿನ ಕೆಳಗಂತೂ ಬೇಡವೇ ಬೇಡ. ಗಾಳಿ ದಿಕ್ಕಿಗೆ ಬಿದಿರು ಗಳದ ತುದಿಗೆ ರಿಬ್ಬನ್ ಸಾಕು, ಆದ್ರೆ ತೆಂಗಿನ ತೋಟದ ನಡುವೆ ಕಟ್ಟಿದ್ರೆ ತೋಟದ ಗಾಳಿ ಸಿಗುತ್ತೆ ಅಷ್ಟೇ. ಹತ್ತಿರದ ಮರ ಅಥವಾ ಕಟ್ಟಡ ಎಷ್ಟು ಎತ್ತರ ಇದೆಯೋ ಅದರ ಹತ್ತು ಪಟ್ಟು ದೂರ ಇರಬೇಕು ಅನ್ನೋದು ನಿಯಮ, ಕರಾವಳಿಯಲ್ಲಿ ಅಂಥ ಬಯಲು ಸಿಗೋದು ಶಾಲೆ ಆಟದ ಮೈದಾನದಲ್ಲಿ, ಇಲ್ಲಾ ಕೊಯ್ಲಾದ ಗದ್ದೆಯಲ್ಲಿ.

ದಿಕ್ಕಿನ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ಗಾಳಿ ಎಲ್ಲಿಂದ ಬರುತ್ತೋ ಆ ದಿಕ್ಕನ್ನ ಬಡಗಣದಿಂದ ಗಡಿಯಾರದ ಮುಳ್ಳಿನ ಹಾಗೆ ಡಿಗ್ರಿಯಲ್ಲಿ ಎಣಿಸ್ತಾರೆ, ಮೂಡಣ 90, ತೆಂಕಣ 180, ಪಡುವಣ 270. 350 ಡಿಗ್ರಿ ಮತ್ತು 10 ಡಿಗ್ರಿ ಗಾಳಿಗಳ ಸರಾಸರಿ ತೆಗೆದ್ರೆ 180 ಬರುತ್ತೆ, ಎರಡೂ ಬಡಗಣ ಗಾಳಿ, ಸರಾಸರಿ ಮಾತ್ರ ತೆಂಕಣ ಗಾಳಿ! ಅದಕ್ಕೇ ದಿಕ್ಕನ್ನ ಸರಾಸರಿ ಮಾಡಬಾರದು, ಗಾಳಿನ ಎರಡು ಭಾಗವಾಗಿ ಒಡೀಬೇಕು, ದಡಕ್ಕೆ ಅಡ್ಡ ಬರೋದು ಮತ್ತು ದಡದ ಉದ್ದಕ್ಕೆ ಹೋಗೋದು. ಮಂಗಳೂರಿಂದ ಕಾರವಾರದ ತನಕ ನಮ್ಮ ತೀರ ನೇರ ಉತ್ತರಕ್ಕಿಲ್ಲ, ಸುಮಾರು 20 ಡಿಗ್ರಿ ಪಶ್ಚಿಮಕ್ಕೆ ವಾಲಿದೆ. ಹಾಗಾಗಿ ಕಡಲಿಂದ ನೆಟ್ಟಗೆ ದಡಕ್ಕೆ ಬಡಿಯೋ ಗಾಳಿ 270ರಿಂದ ಅಲ್ಲ, 250 ಡಿಗ್ರಿಯಿಂದ ಬರುತ್ತೆ. ವೇಗವನ್ನ, ದಿಕ್ಕಿಂದ 250 ಕಳೆದಾಗ ಬರೋ ಕೋನದ ಕೊಸೈನ್‌ನಿಂದ ಗುಣಿಸಿ, ದಡಕ್ಕೆ ಅಡ್ಡ ಬರೋ ಪಾಲು ಸಿಕ್ತು. ಸಂಜೆ ವಾಯವ್ಯದಿಂದ, ಅಂದ್ರೆ 315ರಿಂದ, ಸೆಕೆಂಡಿಗೆ 6 ಮೀಟರ್ ಗಾಳಿ ಬೀಸ್ತಿದೆ ಅಂದ್ರೆ ದಡಕ್ಕೆ ಬರ್ತಿರೋದು ಎರಡೂವರೆ ಮೀಟರ್ ಮಾತ್ರ, ಮಿಕ್ಕಿದ್ದು ದಡದ ಉದ್ದಕ್ಕೇ ಹೋಗ್ತಿದೆ. ಆಮೇಲೆ ತಿಂಗಳ ಎಲ್ಲಾ ದಿನಗಳ ಒಂಬತ್ತು ಗಂಟೆ ಸೇರಿಸಿ ಸರಾಸರಿ, ಹತ್ತು ಗಂಟೆ ಸೇರಿಸಿ ಸರಾಸರಿ, ಹೀಗೆ 24 ಅಂಕೆ ಮಾಡ್ಕೊಳ್ಳಿ, ಇಡೀ ತಿಂಗಳ ಸರಾಸರಿನ ಪ್ರತಿಯೊಂದರಿಂದ ಕಳೀರಿ. ಕಳೆದ ಅಂಕೆ ಸೀಸನ್ ಗಾಳಿ, ಉಳಿದಿದ್ದು ದಿನದ ಗಾಳಿ.

ಇದನ್ನ ಮಾಡಿದ್ರೆ ನಿಮ್ಮ ಮೇ ತಿಂಗಳ ಒಗಟು ಬಿಡಿಸ್ಕೊಳ್ಳುತ್ತೆ. ಮಾರ್ಚಿಂದ ಮೇ ತನಕ ನಮ್ಮ ತೀರದಲ್ಲಿ ಸೀಸನ್ ಗಾಳಿಯೇ ವಾಯವ್ಯದ್ದು, ರಾತ್ರಿಯ ನೆಲಗಾಳಿ ಹುಟ್ಟುತ್ತೆ, ಆದ್ರೆ ಅದು ಮೊದಲೇ ಬಡವ, ಸೆಕೆಂಡಿಗೆ ಒಂದೆರಡು ಮೀಟರ್, ಆಳ ನೂರಿನ್ನೂರು ಮೀಟರ್, ವಾಯವ್ಯ ಗಾಳಿನ ತಿರುಗಿಸೋಕೆ ಅದರ ಕೈಲಾಗಲ್ಲ, ಸ್ವಲ್ಪ ನಿಧಾನ ಮಾಡುತ್ತೆ ಅಷ್ಟೇ. ಸೀಸನ್ ಪಾಲು ಕಳೆದು ನೋಡಿದ್ರೆ ರಾತ್ರಿಯ ಭಾಗ ಮೂಡಣದಿಂದಲೇ ಇರುತ್ತೆ, ಪುಸ್ತಕದಲ್ಲಿ ಬರೆದ ಹಾಗೇ. ಇನ್ನೊಂದೂ ಕಾಣುತ್ತೆ, ಹನ್ನೆರಡು ಗಂಟೆಗೆ ಪಡುವಣದಿಂದ ಬಂದ ಗಾಳಿ ಸಂಜೆಗೆ ವಾಯವ್ಯಕ್ಕೆ ತಿರುಗಿರುತ್ತೆ. ಭೂಮಿ ತಿರುಗೋದ್ರಿಂದ ಚಲಿಸೋ ಗಾಳಿ ಬಲಕ್ಕೆ ಬಾಗುತ್ತೆ, ಆದ್ರೆ ನಮ್ಮ ಅಕ್ಷಾಂಶದಲ್ಲಿ ಅದು ನಿಧಾನ, ಮಂಗಳೂರಲ್ಲಿ ಪೂರ್ತಿ ಸುತ್ತು ತಿರುಗೋಕೆ ಸುಮಾರು 54 ಗಂಟೆ ಬೇಕು, ಅಷ್ಟರಲ್ಲಿ ದಿನ ಎರಡು ಸಲ ಕಳೆದಿರುತ್ತೆ. ಉಷ್ಣವಲಯದ ಕಡಲಗಾಳಿ ಕಡಲೊಳಗೆ ತುಂಬಾ ದೂರ ಚಾಚಿರೋದಕ್ಕೂ ಇದೇ ಕಾರಣ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಕ್ವಿಕ್‌ಸ್ಕ್ಯಾಟ್ ಉಪಗ್ರಹ ಬೆಳಿಗ್ಗೆ ಸಂಜೆ ಅಳೆದ ಕಡಲ ಮೇಲಿನ ಗಾಳಿನ ಹೋಲಿಸಿ, ನಮ್ಮ ಪಶ್ಚಿಮ ತೀರದ ಕಡಲಗಾಳಿಯ ಗುರುತು ದಡದಿಂದ ನೂರು ಕಿಲೋಮೀಟರ್‌ಗಿಂತ ಆಚೆಗೂ ಇದೆ ಅಂತ ತೋರಿಸಿದ್ರು. ಮಧ್ಯಾಹ್ನದ ಮೇಲೆ ಕಡಲಲ್ಲಿ ಏಳೋ ಚಿಕ್ಕ ಚಿಕ್ಕ ಒತ್ತೊತ್ತಾದ ಅಲೆ ಇದರದ್ದೇ ಕೆಲಸ. ಹಾಯಿ ಕಟ್ಟಿ ಹೋಗ್ತಿದ್ದ ಕಾಲದಲ್ಲಿ ಬೆಳಗಿನ ಜಾವ ನೆಲಗಾಳಿಗೆ ಹೊರಟು ಮಧ್ಯಾಹ್ನ ಕಡಲಗಾಳಿಗೆ ವಾಪಸ್ ಬರ್ತಿದ್ರು, ಗಂಗೊಳ್ಳಿಯಲ್ಲಿ ಹಿರಿಯ ಮೀನುಗಾರರನ್ನ ಮಕ್ಕಳು ಕೂತು ಕೇಳ್ಲಿ, ಯಾವ ತಿಂಗಳಲ್ಲಿ ಮೂಡಗಾಳಿ ಎಷ್ಟೊತ್ತಿಗೆ ಬಿಡುತ್ತೆ ಅಂತ ತಿಂಗಳು ಹಿಡಿದು ಕೇಳಿ ಬರ್ಕೊಳ್ಳಿ, ನಿಮ್ಮ ಸೆನ್ಸರಿನ ಅಂಕೆ ಪಕ್ಕ ಇಟ್ಟು ನೋಡಿ.

ಘಟ್ಟದ ಪಾತ್ರನೂ ದೊಡ್ಡದು. ಇಳಿಜಾರು ಕಾದಾಗ ಅಲ್ಲೂ ಗಾಳಿ ಮೇಲಕ್ಕೆ ಏರುತ್ತೆ, ಕಡಲಗಾಳಿ ಅದರ ಜೊತೆ ಕೂಡಿಕೊಂಡು ಒಂದೇ ಓಟ ಆಗಿಬಿಡುತ್ತೆ, ಕೊಲ್ಲೂರಲ್ಲಿ ಎರಡನ್ನೂ ಬೇರೆ ಮಾಡೋದು ಕಷ್ಟ. ಆದ್ರೆ ನಮ್ಮ ಕಡೆ ಇಳಿಜಾರು ಪಡುವಣಕ್ಕೆ ಮುಖ ಮಾಡಿರೋದ್ರಿಂದ ಬೆಳಗಿನ ಬಿಸಿಲು ಅದಕ್ಕೆ ತಡವಾಗಿ ಸಿಗೋದು, ಅಷ್ಟು ಹೊತ್ತು ಕಣಿವೆಯ ತಣ್ಣನೆ ಗಾಳಿ ಹೊಳೆ ಗುಂಟ ಇಳೀತಾನೇ ಇರುತ್ತೆ. ಏಪ್ರಿಲ್-ಮೇ ಹೊತ್ತಿಗೆ ಕಡಲಗಾಳಿ ಹೊತ್ತು ತಂದ ತೇವ ಘಟ್ಟದಲ್ಲಿ ಏರಿ ಮಧ್ಯಾಹ್ನ ಮೋಡ ಕಟ್ಟುತ್ತೆ, ಬೆಳ್ತಂಗಡಿ ಸುಬ್ರಹ್ಮಣ್ಯ ಕಡೆ ಸಂಜೆ ಗುಡುಗು ಮಳೆ. ಮೇಲಿನ ಗಾಳಿ ಮೂಡಣದಿಂದ ಇದ್ರೆ ಅದೇ ಮೋಡ ತಿರುಗಿ ತೀರಕ್ಕೂ ಬರುತ್ತೆ. ಆ ಸಂಜೆಗಳಲ್ಲಿ ಬಯಲಲ್ಲಿ ಗಳ ಹಿಡಿದು ಮಕ್ಕಳನ್ನ ನಿಲ್ಲಿಸಲೇಬೇಡಿ, ಗುಡುಗು ಕೇಳಿಸಿದ ತಕ್ಷಣ ಎಲ್ಲರೂ ಒಳಗೆ, ಡೇಟಾ ಹೋದ್ರೆ ಹೋಗ್ಲಿ.

ಹೋಲಿಸಿ ನೋಡೋಕೆ ಹವಾಮಾನ ಇಲಾಖೆಯ ಪಣಂಬೂರು, ಹೊನ್ನಾವರ, ಕಾರವಾರದ ವೀಕ್ಷಣೆ ಇದೆ. ಬಜಪೆ ವಿಮಾನ ನಿಲ್ದಾಣದ್ದು ಅರ್ಧ ಗಂಟೆಗೊಂದು ಗಾಳಿ, ತಾಪಮಾನ, ಡ್ಯೂ ಪಾಯಿಂಟ್ ಸಹಿತ ಇಂಟರ್ನೆಟ್ಟಲ್ಲೇ ಸಿಗುತ್ತೆ, ಬಜಪೆ ಒಳನಾಡಿನ ಗುಡ್ಡದ ಮೇಲಿದೆ, ಪಣಂಬೂರು ಕಡಲ ಮಗ್ಗುಲಲ್ಲಿದೆ, ಆ ಎರಡನ್ನ ಹೋಲಿಸೋದೇ ಒಂದು ಒಳ್ಳೆ ಅಭ್ಯಾಸ. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದಿವೆ, ಕಾಲೇಜಿನ ಲೆಟರ್‌ಹೆಡ್ಡಲ್ಲಿ ಬರೆದು ಕೇಳಿ ನೋಡಿ. ಫೋನಿನ ವೆದರ್ ಆ್ಯಪ್ ಅಂಕೆ ಮಾತ್ರ ಅಳತೆ ಅಂತ ಬರ್ಕೋಬೇಡಿ, ಅದು ಸಾಮಾನ್ಯವಾಗಿ ಯಾರೂ ಅಳೆದಿದ್ದಲ್ಲ, ಕಂಪ್ಯೂಟರ್ ಮಾಡೆಲ್ ಲೆಕ್ಕ. ಹತ್ತಾರು ಕಿಲೋಮೀಟರ್ ಅಗಲದ ಒಂದು ಚೌಕಕ್ಕೆ ಒಂದೇ ಅಂಕೆ ಕೊಡೋ ಮಾಡೆಲ್‌ಗಳೂ ಇವೆ, ನಮ್ಮ ಕರಾವಳಿಯಲ್ಲಿ ಅಂಥ ಚೌಕದ ಅರ್ಧ ಕಡಲಲ್ಲೇ ಬಿದ್ದಿರುತ್ತೆ.

ಶುರು ಮಾಡೋದಾದ್ರೆ ಡಿಸೆಂಬರ್ ಕೊನೆಗೆ ಸೆನ್ಸರ್ ಇಡಿ, ಜನವರಿ-ಫೆಬ್ರವರಿ ನಿಮ್ಮ ಚಿನ್ನದಂಥ ತಿಂಗಳು, ಮೂಡಗಾಳಿಗೂ ಪಡುಗಾಳಿಗೂ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆ ಯಾವಾಗ್ಲೂ ಸಿಗಲ್ಲ. ಪರೀಕ್ಷೆ ಬಂತು ಅಂತ ಮಾರ್ಚಲ್ಲಿ ತೆಗೆದುಬಿಡ್ಬೇಡಿ, ಬ್ಯಾಟರಿ ಬದಲಾಯಿಸಿ ಹಾಗೇ ಬಿಡಿ, ಮಳೆಗಾಲ ಹಿಡಿದ ಮೇಲೂ ಜುಲೈ ತನಕ ಓಡ್ಲಿ. ಮೋಡ ಮುಚ್ಚಿ ನೆಲ ಕಾಯದೇ ಇದ್ದಾಗ, ಒಂದೂವರೆ ಕಿಲೋಮೀಟರ್ ಮೇಲೆ ಮುಂಗಾರಿನ ಜೋರು ಗಾಳಿ ಓಡ್ತಿರುವಾಗ, ನಿಮ್ಮ 24 ಅಂಕೆಯ ಗ್ರಾಫ್ ಎಷ್ಟು ಚಪ್ಪಟೆ ಆಗುತ್ತೆ ಅಂತ ಫೆಬ್ರವರಿಯ ಗ್ರಾಫ್ ಪಕ್ಕದಲ್ಲೇ ಅಂಟಿಸಿ, ಮಕ್ಕಳು ಕೇಳಿದ ಮೂರನೇ ಪ್ರಶ್ನೆಗೆ ಉತ್ತರ ಅವರ ಕೈಯಾರೆ ಸಿಕ್ಕಿರುತ್ತೆ. ಫೈಲ್ ಆದ್ಮೇಲೆ ಕಳ್ಸಿ, ಖಂಡಿತ ಕೂತು ನೋಡ್ತೀನಿ.